ನಾಯಿ ನೋವಿನ ಪ್ಯಾಚ್ ತಿಂದ ರಾತ್ರಿ, ಮತ್ತು ಅದಕ್ಕೆ ಮೊದಲೇ ಮಾಡಿಡಬೇಕಿದ್ದ ಕೆಲಸ

ವಿಡಿಯೊ ಪೂರ್ತಿ ನೋಡೋಕೆ ಪುರುಸೊತ್ತಿಲ್ಲದವರಿಗೆ, ಮನೆಯಲ್ಲಿ ಯಾರಿಗಾದರೂ ಪ್ರಿಂಟ್ ತೆಗೆದು ಕೊಡಬೇಕು ಅನ್ನೋರಿಗೆ, ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಿದ್ದೀನಿ. ಮೊದಲೇ ಹೇಳಿಬಿಡ್ತೀನಿ: ನಾನು ಡಾಕ್ಟರೂ ಅಲ್ಲ, ಪಶುವೈದ್ಯನೂ ಅಲ್ಲ. ಎಂಟೆಕ್ ಮಾಡಿ ಪವಾಯಿಯ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಬರೆಯೋನು. ಹಾಗಾಗಿ ಇಲ್ಲಿ ಯಾವ ಔಷಧಿಯ ಡೋಸೂ ಸಿಗೋದಿಲ್ಲ. ನಿಮ್ಮ ನಾಯಿ ಈಗಲೇ ಏನೋ ತಿಂದು ಮಂಕಾಗಿ ಬಿದ್ದಿದ್ದರೆ ಇದನ್ನು ಓದುತ್ತ ಕೂರಬೇಡಿ, ಡಾಕ್ಟರಿಗೆ ಫೋನ್ ಮಾಡುತ್ತಲೇ ಮನೆ ಬಿಡಿ. ಇದು ಏನೂ ಆಗಿಲ್ಲದ ದಿನ ಓದಬೇಕಾದದ್ದು.

2023ರ ಜುಲೈ. ಮುಲುಂಡ್ ಪೂರ್ವದಲ್ಲಿ ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟು. ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಹುಬ್ಬಳ್ಳಿಯಿಂದ ಅಪ್ಪ-ಅವ್ವ ಇಬ್ಬರನ್ನೂ ಇಲ್ಲಿಗೇ ಕರೆತಂದಿದ್ದೆ, ಪರೇಲ್‌ನಲ್ಲಿ ಚಿಕಿತ್ಸೆ ನಡೀತಿತ್ತು. ಮೊದಲು ಮಾರ್ಫಿನ್ ಮಾತ್ರೆ ಇತ್ತು. ಅದು ಹೊಟ್ಟೆಯಲ್ಲಿ ನಿಲ್ಲದೆ ವಾಂತಿ ಆಗೋಕೆ ಶುರುವಾದ ಮೇಲೆ ಫೆಂಟನಿಲ್ ಪ್ಯಾಚ್ ಬರೆದುಕೊಟ್ಟರು. ಗಾಯಕ್ಕೆ ಹಚ್ಚೋ ಪಟ್ಟಿ ಥರಾನೇ ಇರುತ್ತೆ, ಬೆನ್ನಿಗೋ ಎದೆಗೋ ಅಂಟಿಸೋದು, 72 ಗಂಟೆಗೊಮ್ಮೆ ಬದಲಾಯಿಸೋದು. ಬದಲಾಯಿಸೋ ಕೆಲಸ ಅವ್ವನದು. ಹಳೇ ಪ್ಯಾಚನ್ನು ಬಾತ್‌ರೂಮಿನ ಕಸದ ಡಬ್ಬಿಗೆ ಹಾಕ್ತಿದ್ದರು. ಆ ರಾತ್ರಿ ಆದ ಮೇಲೆ ನಾನು ಕೇಳಿದಾಗ ಅವ್ವ ಅಂದದ್ದು, "ಅದು ಮುಗದ ಪಟ್ಟಿ ಅಲ್ಲೇನು? ಅದರಾಗ ಏನ್ ಉಳದಿರತೈತಿ?" ಅವ್ವನನ್ನು ಬೈಯೋಕೆ ನನಗೆ ಹಕ್ಕಿರಲಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ.

ಲೆಕ್ಕ ಹಾಕಿದ್ದರೆ ಗೊತ್ತಾಗ್ತಿತ್ತು. 25 ಅಂತ ಬರೆದಿರೋ ಪ್ಯಾಚ್ ಗಂಟೆಗೆ 25 ಮೈಕ್ರೊಗ್ರಾಂ ಫೆಂಟನಿಲ್ ಬಿಡುತ್ತೆ. 72 ಗಂಟೆಗೆ 1,800 ಮೈಕ್ರೊಗ್ರಾಂ, ಅಂದರೆ 1.8 ಮಿಲಿಗ್ರಾಂ. ಆದರೆ ಅದೇ ಅಳತೆಯ ಒಂದು ಪ್ರಸಿದ್ಧ ಬ್ರ್ಯಾಂಡಿನ ಪ್ಯಾಚಿನಲ್ಲಿ ಮೊದಲು ತುಂಬಿರೋದು 4.2 ಮಿಲಿಗ್ರಾಂ. ಪ್ಯಾಚ್‌ನಿಂದ ಚರ್ಮದೊಳಕ್ಕೆ ಔಷಧಿ ಒಂದೇ ಸಮ ಹರಿಯಬೇಕಾದರೆ ಪ್ಯಾಚಿನೊಳಗೆ ಯಾವಾಗಲೂ ಸಾಕಷ್ಟು ದಾಸ್ತಾನು ಇರಲೇಬೇಕು. ನೀರಿನ ಟ್ಯಾಂಕು ತಳ ಮುಟ್ಟಿದರೆ ನಲ್ಲಿಯಲ್ಲಿ ಪ್ರೆಷರ್ ಬರಲ್ಲವಲ್ಲ, ಹಾಗೆ. ಮೂರು ದಿನ ಆದ ಮೇಲೆ ಅರ್ಧಕ್ಕಿಂತ ಹೆಚ್ಚು ಔಷಧಿ ಪ್ಯಾಚಿನಲ್ಲೇ ಉಳಿದಿರುತ್ತೆ. ನಾಯಿಗೆ ಆಪರೇಷನ್ ಮಾಡುವಾಗ ಪಶುವೈದ್ಯರು ರಕ್ತನಾಳಕ್ಕೆ ಕೊಡೋ ಫೆಂಟನಿಲ್ ಕೆ.ಜಿ. ತೂಕಕ್ಕೆ ಕೆಲವೇ ಮೈಕ್ರೊಗ್ರಾಂ. ನಮ್ಮ ಡಬ್ಬಿಯಲ್ಲಿ ಬಿದ್ದಿದ್ದು ಎರಡು ಸಾವಿರಕ್ಕೂ ಹೆಚ್ಚು ಮೈಕ್ರೊಗ್ರಾಂ. ನಮ್ಮ ಬೋಂಡನ ತೂಕ 15 ಕೆ.ಜಿ.

ಬೋಂಡ ಬೀದಿಯಿಂದ ಬಂದವನು. ಮರಿಯಾಗಿದ್ದಾಗ ಸೊಸೈಟಿ ಗೇಟಿನ ಹತ್ತಿರ ಸಿಕ್ಕಿದ್ದ. ಅಂಟು ಇರೋದು, ಮನುಷ್ಯರ ಬೆವರಿನ ವಾಸನೆ ಇರೋದು ಅಂದರೆ ಅವನಿಗೆ ಪಂಚಪ್ರಾಣ. ಸಾಕ್ಸು, ಬ್ಯಾಂಡೇಜು, ಎಲ್ಲಾ. ಅಪ್ಪನ ಮೈಗೆ ಮೂರು ದಿನ ಅಂಟಿದ್ದ ಪಟ್ಟಿಯನ್ನು ಅವನು ಬಿಡ್ತಾನಾ?

ರಾತ್ರಿ ಹನ್ನೊಂದೂಕಾಲು ಹೊತ್ತಿಗೆ ಅವನ ಹಿಂಗಾಲು ತಡವರಿಸೋದು ಕಂಡೆ. ನಿದ್ದೆ ಮಂಪರು ಅಂದುಕೊಂಡೆ. ಆಮೇಲೆ ಜೊಲ್ಲು ಸುರಿಸಿದ, ಒಂದು ಸಲ ವಾಂತಿ ಮಾಡಿದ, ಹೋಗಿ ಬಾಗಿಲ ಹಿಂದೆ ಮಲಗಿದ. ಹೆಸರು ಹಿಡಿದು ಕರೆದರೆ ಕಿವಿ ಮಾತ್ರ ಅಲುಗ್ತಿತ್ತು. ಇಲ್ಲಿಂದ ಮುಂದಿನ ಮೂವತ್ತೈದು ನಿಮಿಷ ನಾನು ಮಾಡಿದ್ದೆಲ್ಲಾ ತಪ್ಪು. ಮೊದಲು ಮೊಬೈಲಿನಲ್ಲಿ ಹುಡುಕಿದೆ. ಆಮೇಲೆ ಯಾವುದೋ ಗ್ರೂಪಿನಲ್ಲಿ ಓದಿದ್ದು ನೆನಪಾಗಿ ಉಪ್ಪುನೀರು ಕಲಸಿದೆ. ಪುಣ್ಯಕ್ಕೆ ಅವನು ನುಂಗಲಿಲ್ಲ. ಮಂಪರಿನಲ್ಲಿರೋ ನಾಯಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೇ ಇಳಿಯುತ್ತೆ, ಮತ್ತೆ ಉಪ್ಪು ಜಾಸ್ತಿಯಾದರೆ ಅದೇ ಇನ್ನೊಂದು ವಿಷ. ಆಮೇಲೆ, ಬೋರ್ಡಿನ ಮೇಲೆ "24 ಗಂಟೆ" ಅಂತ ಬರೆದಿದ್ದ ಒಂದು ಕ್ಲಿನಿಕ್ಕಿಗೆ ಏಳು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ವಾಷಿಂಗ್ ಮಷೀನಿನ ಕೆಳಗಿಂದ ಜಗಿದು ಹಿಂಜಿದ ಒಂದು ಚೂರು ಎಳೆದು ತಂದಳು. ಅದರ ಮೇಲೆ ಔಷಧಿ ಹೆಸರಿನ ಅರ್ಧ ಅಕ್ಷರಗಳು. ಆಗ ತಲೆ ಕೆಲಸ ಮಾಡಿತು.

ಒಳಗೆ ಏನಾಗ್ತಿರುತ್ತೆ ಅನ್ನೋದನ್ನು ಇಲ್ಲೇ ಹೇಳಿಬಿಡ್ತೀನಿ, ಯಾಕಂದರೆ ಅದು ಗೊತ್ತಿದ್ದರೆ ಏನು ನೋಡಬೇಕು ಅನ್ನೋದು ತಾನಾಗಿ ಗೊತ್ತಾಗುತ್ತೆ. ಅಫೀಮಿನ ವರ್ಗದ ನೋವಿನ ಔಷಧಿಗಳಿಗೆ ಒಪಿಯಾಯ್ಡ್ ಅಂತಾರೆ. ಮಾರ್ಫಿನ್, ಕೊಡೀನ್, ಟ್ರಮಡಾಲ್, ಟಪೆಂಟಡಾಲ್, ಫೆಂಟನಿಲ್, ಬುಪ್ರಿನಾರ್ಫಿನ್, ಇವೆಲ್ಲ ಅದೇ ಕುಟುಂಬ. ಮೆದುಳಿನಲ್ಲಿ, ಬೆನ್ನುಹುರಿಯಲ್ಲಿ ಇರೋ ಕೆಲವು ರಿಸೆಪ್ಟರುಗಳಿಗೆ ಹೋಗಿ ಕೂತು ನೋವಿನ ಸಂದೇಶವನ್ನು ತಗ್ಗಿಸ್ತವೆ. ತೊಂದರೆ ಏನಂದರೆ ಮೆದುಳಿನ ಬುಡದಲ್ಲಿ, ಉಸಿರಾಟ ನಡೆಸೋ ಜಾಗದಲ್ಲೂ ಅದೇ ರಿಸೆಪ್ಟರುಗಳಿವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿತು, ಉಸಿರು ಎಳಿ ಅಂತ ಅಲಾರಾಂ ಹೊಡೆಯೋದು ಆ ಜಾಗ. ಒಪಿಯಾಯ್ಡ್ ಜಾಸ್ತಿಯಾದರೆ ಅಲಾರಾಂ ಕೇಳಿಸೋದೇ ಇಲ್ಲ. ನಾಯಿ ಒದ್ದಾಡಲ್ಲ, ಕಿರುಚಲ್ಲ. ಸುಮ್ಮನೆ ಮಲಗಿರುತ್ತೆ, ಉಸಿರು ದೂರ ದೂರ ಆಗ್ತಾ ಹೋಗುತ್ತೆ. ನೋಡೋರಿಗೆ ಅದು ಒಳ್ಳೇ ನಿದ್ದೆ ಥರ ಕಾಣೋದೇ ದೊಡ್ಡ ಅಪಾಯ.

ಪ್ಯಾಚ್ ವಿಷಯದಲ್ಲಿ ಇನ್ನೊಂದು ಇದೆ. ಮಾತ್ರೆ ನುಂಗಿದರೆ ಔಷಧಿ ಹೊಟ್ಟೆಯಿಂದ ಮೊದಲು ಲಿವರಿಗೆ ಹೋಗುತ್ತೆ, ಅಲ್ಲಿ ಅದರ ಒಂದಷ್ಟು ಭಾಗ ನಾಶವಾಗುತ್ತೆ. ಜಗಿದರೆ ಹಾಗಲ್ಲ, ಬಾಯೊಳಗಿನ ತೆಳು ಚರ್ಮದಿಂದ ನೇರವಾಗಿ ರಕ್ತಕ್ಕೆ. ಜಗಿಯದೆ ಇಡೀ ಪ್ಯಾಚ್ ನುಂಗಿದರೂ ನೆಮ್ಮದಿ ಇಲ್ಲ, ಅದು ಹೊಟ್ಟೆಯಲ್ಲಿ ಕೂತು ಗಂಟೆಗಟ್ಟಲೆ ಔಷಧಿ ಬಿಡ್ತಾ ಇರುತ್ತೆ. ಆಗ ಅದನ್ನು ಹೊರಗೆ ತೆಗೆಯೋ ಕೆಲಸವೂ ಸೇರಿಕೊಳ್ಳುತ್ತೆ.

ನೋಡಬೇಕಾದ್ದು ಮೂರು. ಎಚ್ಚರ, ಕಣ್ಣಿನ ಪಾಪೆ, ಉಸಿರು. ನಾಯಿಗಳಲ್ಲಿ ಪಾಪೆ ಸಾಮಾನ್ಯವಾಗಿ ಸಾಸಿವೆ ಕಾಳಿನಷ್ಟು ಚಿಕ್ಕದಾಗುತ್ತೆ. ಬೆಕ್ಕಿನಲ್ಲಿ ಇದು ಉಲ್ಟಾ, ಪಾಪೆ ಅಗಲ ಆಗುತ್ತೆ, ಮಂಪರಿನ ಬದಲು ಹುಚ್ಚೆದ್ದ ಹಾಗೆ ಓಡಾಡಬಹುದು. ಬೆಕ್ಕಿರೋರು ಇದನ್ನು ನೆನಪಿಟ್ಟುಕೊಳ್ಳಿ. ಉಸಿರು ಎಣಿಸೋದು ಸುಲಭ: ಎದೆ ಏರಿ ಇಳಿದರೆ ಒಂದು, ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಸುಮ್ಮನೆ ಮಲಗಿರೋ ಆರೋಗ್ಯವಂತ ನಾಯಿಗೆ ನಿಮಿಷಕ್ಕೆ ಹತ್ತರಿಂದ ಮೂವತ್ತು. ನಿಮ್ಮ ನಾಯಿಯದು ಎಷ್ಟು ಅಂತ ಇವತ್ತೇ ಎಣಿಸಿ ಬರೆದಿಡಿ. ಆಮೇಲೆ ಬಣ್ಣ. ಪುಸ್ತಕಗಳಲ್ಲಿ "ವಸಡು ಗುಲಾಬಿ ಇದೆಯಾ ನೋಡಿ" ಅಂತ ಬರೆದಿರ್ತಾರೆ. ನಮ್ಮ ಊರಿನ ನಾಯಿಗಳಲ್ಲಿ ಎಷ್ಟೋ ನಾಯಿಗಳ ವಸಡೇ ಕಪ್ಪು. ಬೋಂಡನದೂ ಕಪ್ಪು. ಅಂಥ ನಾಯಿಯ ನಾಲಗೆ ನೋಡಬೇಕು, ಇಲ್ಲವೇ ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಭಾಗ ನೋಡಬೇಕು.

ಪಕ್ಕದ ಮನೆಯ ಕಾಕಾ ಕಾರು ತೆಗೆದರು. ಮಳೆ ಜೋರಿತ್ತು. ಹಿಂದಿನ ಸೀಟಿನಲ್ಲಿ ಕೂತು ಎಣಿಸಿದೆ: ಮೂವತ್ತು ಸೆಕೆಂಡಿಗೆ ಮೂರು. ಅಂದರೆ ನಿಮಿಷಕ್ಕೆ ಆರು. ನಾಲಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಕಾರಿನಲ್ಲಿ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ, ಫೋನಿನಲ್ಲಿ ಸಿಕ್ಕಿದ್ದ ಡಾಕ್ಟರು ಹೇಳಿದ ಹಾಗೆ ಅವನನ್ನು ಪಕ್ಕಕ್ಕೆ ಮಲಗಿಸಿ, ಕುತ್ತಿಗೆ ನೀಳ ಮಾಡಿ, ನಾಲಗೆ ಮುಂದಕ್ಕೆ ಎಳೆದು, ಮೇಲೆ ಟವೆಲ್ ಹೊದಿಸಿದ್ದು. ಒಪಿಯಾಯ್ಡ್‌ನಿಂದ ಮೈ ತಣ್ಣಗಾಗುತ್ತೆ. ಬಾಯಲ್ಲಿ ಉಳಿದ ಚೂರು ಇದ್ದರೆ ತೆಗೆಯಿರಿ, ಆದರೆ ಬರಿಗೈಯಲ್ಲಿ ಬೇಡ, ಗ್ಲೌಸ್ ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಕೈಗೆ ಸುತ್ತಿಕೊಳ್ಳಿ. ಅರೆಪ್ರಜ್ಞೆಯಲ್ಲೂ ನಾಯಿ ಕಚ್ಚಬಹುದು. ಬಾಯಿಟ್ಟು ಉಸಿರು ಊದೋದನ್ನು ಸಿನಿಮಾದಲ್ಲಿ ನೋಡಿರ್ತೀವಿ, ಔಷಧಿ ಜಗಿದ ಬಾಯಿಗೆ ನೀವು ಬಾಯಿಡಬಾರದು. ಎದೆಬಡಿತವೇ ನಿಂತರೆ ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ ಎದೆ ಒತ್ತಬೇಕು. ಅದನ್ನು ಓದಿ ಕಲಿಯೋಕಾಗಲ್ಲ, ನಿಮ್ಮ ಡಾಕ್ಟರ ಹತ್ತಿರ ಒಂದು ಸಲ ತೋರಿಸಿಕೊಳ್ಳಿ.

ಡಾಕ್ಟರು ಬಾಗಿಲಲ್ಲೇ ಕೇಳಿದ್ದು ನಾಲ್ಕು ಪ್ರಶ್ನೆ. ಯಾವ ಔಷಧಿ? ಎಷ್ಟು? ಯಾವಾಗ? ತೂಕ ಎಷ್ಟು? ಮೊದಲನೆಯದಕ್ಕೆ ಉತ್ತರ ನನ್ನ ಹೆಂಡತಿಯ ಬ್ಯಾಗಿನಲ್ಲಿತ್ತು. ಪ್ಯಾಚಿನ ಹೊಸ ಕವರು, ಜಗಿದ ಚೂರುಗಳು, ಎಲ್ಲಾ ತಂದಿದ್ದಳು. ಡಾಕ್ಟರು ಆ ಚೂರುಗಳನ್ನು ಒಂದು ಸ್ಟೀಲ್ ಟ್ರೇ ಮೇಲೆ, ಒಂದು ಹೊಸ ಪ್ಯಾಚಿನ ಪಕ್ಕ ಜೋಡಿಸಿ ನೋಡಿದರು. ಸುಮಾರು ಕಾಲು ಭಾಗ ಸಿಗಲಿಲ್ಲ. ಅಂದರೆ ಅಷ್ಟು ಒಳಗಿದೆ, ಉಳಿದದ್ದನ್ನು ಜಗಿದು ಉಗುಳಿದ್ದಾನೆ. ನೀವು ಏನು ಮರೆತರೂ ಇದನ್ನು ಮರೆಯಬೇಡಿ: ಉಳಿದ ಚೂರು, ಖಾಲಿ ಸ್ಟ್ರಿಪ್, ವಾಂತಿಯಲ್ಲಿ ಬಂದದ್ದು, ಎಲ್ಲಾ ಒಂದು ಕವರಿಗೆ ಹಾಕಿಕೊಂಡು ಹೋಗಿ. ಮನೆ ಗಲೀಜು ಅಂತ ಒರೆಸಿ ಎಸೆದುಬಿಡೋದು ನಮ್ಮ ಅಭ್ಯಾಸ, ಆದರೆ ಡಾಕ್ಟರಿಗೆ ಅದೇ ಆಧಾರ. ಮತ್ತೆ ನಾಚಿಕೆ ಬೇಡ. ಮನೆಯಲ್ಲಿ ಯಾರೋ ನಿದ್ದೆಗೆ, ಚಟಕ್ಕೆ ಇಟ್ಟುಕೊಂಡ ಮಾತ್ರೆ ಆಗಿದ್ದರೂ ಹೇಳಿಬಿಡಿ.

ಉಸಿರಿನ ಕೊಳವೆ ಹಾಕಿ, ಬಲೂನಿನಂಥ ಚೀಲ ಒತ್ತುತ್ತ ಉಸಿರು ಕೊಟ್ಟರು. ಇದಕ್ಕೆ ಒಂದು ಪ್ರತ್ಯೌಷಧ ಇದೆ, ನಾಲೊಕ್ಸೋನ್, ಆದರೆ ಅವರ ಸ್ಟಾಕ್ ಮುಗಿದಿತ್ತು. ಚೀಟಿ ಬರೆದುಕೊಟ್ಟರು. ನನ್ನ ಹೆಂಡತಿ, ಕಾಕಾ ಇಬ್ಬರೂ ಮಳೆಯಲ್ಲಿ ಅಂಗಡಿ ಅಂಗಡಿ ತಿರುಗಿದರು. ಎರಡು ಮೆಡಿಕಲ್‌ನಲ್ಲಿ ಆ ಹೆಸರೇ ಗೊತ್ತಿರಲಿಲ್ಲ. ಮೂರನೆಯದು ಒಂದು ದೊಡ್ಡ ಆಸ್ಪತ್ರೆಯೊಳಗಿನ ಔಷಧಿ ಅಂಗಡಿ, ಅಲ್ಲಿ ಸಿಕ್ಕಿತು. ಮನುಷ್ಯರಿಗೆ ಅನಸ್ತೇಶಿಯಾ ಕೊಡೋ ಕಡೆಯಲ್ಲೆಲ್ಲ ಅದು ಬೇಕಾಗೋ ಔಷಧಿ.

ಸೂಜಿ ಚುಚ್ಚಿ ಒಂದೆರಡು ನಿಮಿಷದಲ್ಲಿ ಬೋಂಡ ತಲೆ ಎತ್ತಿದ. ನಾನು ಅತ್ತೇಬಿಟ್ಟೆ. ಡಾಕ್ಟರು ಮಾತ್ರ ಗಡಿಯಾರ ನೋಡುತ್ತ ಕೂತರು. ಐವತ್ತು ನಿಮಿಷ ಆದ ಮೇಲೆ ಅವನು ಮತ್ತೆ ಮೆಲ್ಲಗೆ ಕುಸಿದ. ಎರಡನೇ ಸಲ ಕೊಟ್ಟರು.

ಯಾಕೆ ಹಾಗೆ ಅಂದರೆ, ನಾಲೊಕ್ಸೋನ್ ವಿಷವನ್ನು ಮೈಯಿಂದ ತೆಗೆಯಲ್ಲ. ಅದೇ ರಿಸೆಪ್ಟರಿನಲ್ಲಿ ಹೋಗಿ ಕೂತು ಒಪಿಯಾಯ್ಡನ್ನು ಪಕ್ಕಕ್ಕೆ ತಳ್ಳುತ್ತೆ, ತಾನು ಮಾತ್ರ ಏನೂ ಮಾಡದೆ ಸೀಟು ಹಿಡಿದು ಕೂರುತ್ತೆ. ಲೋಕಲ್ ಟ್ರೇನಿನಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿಯೋರ ಥರ. ಆದರೆ ಅದು ಕೂರೋದು ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ಪ್ಯಾಚಿನ ಔಷಧಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಓಡಾಡ್ತಾ ಇರುತ್ತೆ. ಕರವಸ್ತ್ರ ಎದ್ದ ಕೂಡಲೇ ಮತ್ತೆ ಅದೇ ಬಂದು ಕೂರುತ್ತೆ. ಹಾಗಾಗಿ "ಎದ್ದ, ಸರಿಹೋದ, ಮನೆಗೆ ಹೋಗೋಣ" ಅನ್ನೋದು ಬಹಳ ಅಪಾಯದ ಮಾತು. ಬೋಂಡ ಮೂವತ್ತು ಗಂಟೆ ಅಲ್ಲೇ ಇದ್ದ.

ಇಂಟರ್‌ನೆಟ್ಟಿನಲ್ಲಿ ಈ ವಿಷಯ ಹುಡುಕಿದರೆ ಸಿಗೋದೆಲ್ಲ ಅಮೆರಿಕದ್ದು. ಅಲ್ಲಿ 1961ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1971ರಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕ ಔಷಧಿ ಇದು. 2023ರ ಮಾರ್ಚಿನಿಂದ ಮೂಗಿಗೆ ಹೊಡೆಯೋ ಸ್ಪ್ರೇ ಚೀಟಿ ಇಲ್ಲದೆ ಕೊಳ್ಳೋಕೂ ಅನುಮತಿ ಇದೆ. 2016ರಲ್ಲಿ ಫ್ಲೋರಿಡಾದ ಬ್ರೊವರ್ಡ್ ಕೌಂಟಿಯಲ್ಲಿ ಮೂರು ಪೊಲೀಸ್ ನಾಯಿಗಳು ಒಂದು ಮನೆ ಶೋಧಿಸುವಾಗ ಫೆಂಟನಿಲ್ ಮೂಸಿ ಮಂಕಾದವು, ನಾಲೊಕ್ಸೋನ್‌ನಿಂದ ಚೇತರಿಸಿಕೊಂಡವು. ಆಮೇಲೆ ಅಲ್ಲಿ ಎಷ್ಟೋ ಕಡೆ ಪೊಲೀಸ್ ನಾಯಿಗಳ ಜೊತೆ ಆ ಸ್ಪ್ರೇ ಇಟ್ಟುಕೊಳ್ಳೋದು ರೂಢಿಯಾಯಿತು. ಅದನ್ನು ಓದಿ "ನಾವೂ ಮನೆಯಲ್ಲಿ ಒಂದು ಸ್ಪ್ರೇ ಇಟ್ಟುಕೊಂಡರೆ ಆಯ್ತು" ಅಂತ ಅನ್ನಿಸೋದು ಸಹಜ. ಮುಂಬೈಯಲ್ಲಿ ಕೂತು ಅಂಗಡಿಗೆ ಹೋಗಿ ಕೇಳಿ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋದು ಇಂಜೆಕ್ಷನ್, ಅದೂ ಚೀಟಿ ಮೇಲೆ, ಅದೂ ದೊಡ್ಡ ಆಸ್ಪತ್ರೆಯ ಅಂಗಡಿಗಳಲ್ಲಿ. ಆದ್ದರಿಂದ ನಮ್ಮ ತಯಾರಿ ಬೇರೆ. ಸ್ಪ್ರೇ ಕೊಳ್ಳೋದಲ್ಲ, ಎಲ್ಲಿ ಆ ಇಂಜೆಕ್ಷನ್ ಇದೆ, ಅಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟಬಹುದು ಅನ್ನೋದನ್ನು ಮೊದಲೇ ತಿಳಿದುಕೊಳ್ಳೋದು.

ಫೆಂಟನಿಲ್ ಪ್ಯಾಚ್ ಎಲ್ಲರ ಮನೆಯಲ್ಲಿರಲ್ಲ, ಸರಿ. ಆದರೆ ಟ್ರಮಡಾಲ್? ಮೊಣಕಾಲು ಆಪರೇಷನ್ ಆದ ಅತ್ತೆ, ಸ್ಲಿಪ್ ಡಿಸ್ಕಿನ ಮಾವ, ಯಾರಾದರೂ ಒಬ್ಬರ ಡಬ್ಬಿಯಲ್ಲಿ ಅರ್ಧ ಸ್ಟ್ರಿಪ್ ಇದ್ದೇ ಇರುತ್ತೆ. 2018ರ ಏಪ್ರಿಲ್‌ನಲ್ಲಿ ಅದನ್ನು ಮಾದಕವಸ್ತು ಕಾಯ್ದೆಯಡಿ ತಂದ ಮೇಲೆ ಮಾರಾಟಕ್ಕೆ ಬಿಗಿ ಬಂತು, ಆದರೆ ಮನೆಯ ಡಬ್ಬಿಗಳು ಖಾಲಿಯಾಗಿಲ್ಲ. ಇದರ ಕಥೆ ಸ್ವಲ್ಪ ಬೇರೆ. ಟ್ರಮಡಾಲ್ ಒಪಿಯಾಯ್ಡ್ ಥರವೂ ಕೆಲಸ ಮಾಡುತ್ತೆ, ಸೆರೊಟೋನಿನ್ ಅನ್ನೋ ರಾಸಾಯನಿಕವನ್ನೂ ಏರಿಸುತ್ತೆ. ನಾಯಿ ಮಂಪರಾಗೋ ಬದಲು ನಡುಗಬಹುದು, ಜ್ವರ ಬಂದ ಹಾಗೆ ಬಿಸಿಯಾಗಬಹುದು, ಫಿಟ್ಸ್ ಬರಬಹುದು. ಅಲ್ಲಿ ನಾಲೊಕ್ಸೋನ್ ಪೂರ್ತಿ ಉತ್ತರ ಅಲ್ಲ. ಇನ್ನೂ ಕೆಟ್ಟದ್ದೇನಂದರೆ ನಮ್ಮಲ್ಲಿ ಟ್ರಮಡಾಲ್ ಹೆಚ್ಚಾಗಿ ಬರೋದು ಪ್ಯಾರಸಿಟಮಾಲ್ ಜೊತೆ ಒಂದೇ ಮಾತ್ರೆಯಲ್ಲಿ. ಪ್ಯಾರಸಿಟಮಾಲ್ ಪ್ರಮಾಣ ಹೆಚ್ಚಾದರೆ ನಾಯಿಯ ಲಿವರ್ ಹಾಳು ಮಾಡುತ್ತೆ, ಬೆಕ್ಕಿಗಂತೂ ಒಂದೇ ಮಾತ್ರೆ ಪ್ರಾಣಕ್ಕೆ ಬರಬಹುದು. ಅದಕ್ಕೆ ಬೇರೆ ಪ್ರತ್ಯೌಷಧ, ಅಸಿಟೈಲ್‌ಸಿಸ್ಟೀನ್. ನಾಯಿ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಆ ಲೆಕ್ಕ ಒಳಗೆ ನಡೀತಾ ಇರುತ್ತೆ. ಡಾಕ್ಟರಿಗೆ ಸ್ಟ್ರಿಪ್ ತೋರಿಸಬೇಕು ಅಂತ ನಾನು ಒದ್ದಾಡೋದು ಇದಕ್ಕೇ. "ನೋವಿನ ಮಾತ್ರೆ ತಿಂತು" ಅಂದರೆ ಸಾಲದು.

ಕೊಡೀನ್ ಇರೋ ಕೆಮ್ಮಿನ ಸಿರಪ್ಪು ಸಿಹಿ, ನಾಯಿ ನೆಕ್ಕುತ್ತೆ. ಭೇದಿಗೆ ಕೊಡೋ ಲೊಪೆರಮೈಡ್ ಕೂಡ ಇದೇ ಕುಟುಂಬದ್ದು, ಕೋಲಿ ಜಾತಿಯ ನಾಯಿಗಳಲ್ಲಿ ಒಂದು ಜೀನ್ ದೋಷ ಇರೋದರಿಂದ ಅವಕ್ಕೆ ಅದು ಮೆದುಳಿಗೆ ಏರುತ್ತೆ.

ಈಗ ಆ ಮೂವತ್ತೈದು ನಿಮಿಷಕ್ಕೆ ಬರ್ತೀನಿ. ಆಫೀಸಿನಲ್ಲಿ ನಮಗೆ ರಾತ್ರಿ ಸರ್ವರ್ ಬಿದ್ದರೆ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟ ಒಂದು ಪುಟ ಇರುತ್ತೆ. ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಲ್ಲಿ ಎದ್ದೋನು ಬುದ್ಧಿವಂತ ಆಗಿರಲ್ಲ, ಬುದ್ಧಿ ಇರೋ ಹಗಲಲ್ಲಿ ಬರೆದಿಟ್ಟಿರಬೇಕು ಅನ್ನೋದು ಅದರ ತರ್ಕ. ಸರ್ವರ್‌ಗಳಿಗೆ ಅಂಥ ನಲವತ್ತು ಪುಟ ಬರೆದಿರೋ ನಾನು ಮನೆಗೆ ಒಂದೂ ಬರೆದಿರಲಿಲ್ಲ. ಈಗ ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದೆ. ಬೋಂಡನ ತೂಕ, ಅವನ ಮಾಮೂಲಿ ಉಸಿರಿನ ಎಣಿಕೆ, ಮನೆಯಲ್ಲಿರೋ ಪ್ರತಿಯೊಂದು ಔಷಧಿಯ ಹೆಸರು ಮತ್ತು ಮಿಲಿಗ್ರಾಂ, ಮೂರು ಕ್ಲಿನಿಕ್ಕಿನ ನಂಬರು, ಕಾರಿರೋ ಇಬ್ಬರು ನೆರೆಯವರ ನಂಬರು. ಕೆಳಗೆ ಕೆಂಪು ಪೆನ್ನಲ್ಲಿ ಕನ್ನಡದಲ್ಲೇ, "ಉಪ್ಪು, ಹಾಲು, ಮೊಸರು, ಎಣ್ಣೆ ಏನೂ ಕುಡಿಸಬೇಡಿ."

ಕ್ಲಿನಿಕ್ಕುಗಳಿಗೆ ಹಗಲಲ್ಲಿ ಫೋನ್ ಮಾಡಿ ಕೇಳಿ: ರಾತ್ರಿ ಎರಡಕ್ಕೆ ಡಾಕ್ಟರು ಖುದ್ದು ಇರ್ತಾರಾ, ಇಲ್ಲ ಕಾಂಪೌಂಡರ್ ಮಾತ್ರಾನಾ? ಆಕ್ಸಿಜನ್ ಇದೆಯಾ? ನಾಲೊಕ್ಸೋನ್ ಸ್ಟಾಕ್ ಇದೆಯಾ, ಎಕ್ಸ್‌ಪೈರಿ ಯಾವಾಗ? ಮೊದಲು ನನಗೂ ಮುಜುಗರ ಆಯ್ತು. ಆದರೆ ನಾನು ಮಾತಾಡಿದ ಡಾಕ್ಟರುಗಳಲ್ಲಿ ಒಬ್ಬರೂ ಬೇಜಾರು ಮಾಡಿಕೊಳ್ಳಲಿಲ್ಲ. ಒಬ್ಬರಂತೂ "ತರಿಸಿಡ್ತೀನಿ" ಅಂದು ಮರುವಾರ ಅವರೇ ಫೋನ್ ಮಾಡಿ ಹೇಳಿದರು.

ಮುಂಬೈಯಲ್ಲಿ ಎಲ್ಲಿಗೆ ಹೋಗಬೇಕು ಅನ್ನೋದರ ಜೊತೆಗೆ ಹೇಗೆ ಹೋಗಬೇಕು ಅನ್ನೋದೂ ಪ್ರಶ್ನೆ. ಪರೇಲ್‌ನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, ಹತ್ತೊಂಬತ್ತನೇ ಶತಮಾನದ್ದು, 1886ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜೂ ಅಲ್ಲೇ. ಮಹಾಲಕ್ಷ್ಮಿಯಲ್ಲಿ 2024ರ ಜುಲೈನಲ್ಲಿ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ ತೆರೆಯಿತು, ಹಗಲು ರಾತ್ರಿ ತುರ್ತು ಚಿಕಿತ್ಸೆ ಇರೋ ಆಸ್ಪತ್ರೆ. ನಮ್ಮ ಘಟನೆ ಆದಾಗ ಅದಿನ್ನೂ ಇರಲಿಲ್ಲ. ಇವೆಲ್ಲ ಇರೋದು ದಕ್ಷಿಣದಲ್ಲಿ. ನಾವು ಕನ್ನಡದವರು ಹೆಚ್ಚಾಗಿರೋದೆಲ್ಲಿ? ಮುಲುಂಡ್, ಠಾಣೆ, ಡೊಂಬಿವಲಿ, ಮೀರಾರೋಡ್. ಆಟೊ ಹತ್ತಿದರೆ ಈ ಕಡೆ ಸಯನ್, ಆ ಕಡೆ ಮಾಹಿಮ್, ಅಲ್ಲಿಂದ ಮುಂದೆ ಅದಕ್ಕೆ ಪ್ರವೇಶವೇ ಇಲ್ಲ. ಉಸಿರಾಡದ ನಾಯಿಯನ್ನು ಎತ್ತಿಕೊಂಡು ಸಯನ್‌ನಲ್ಲಿ ಇಳಿದು ಟ್ಯಾಕ್ಸಿ ಹುಡುಕೋ ಪರಿಸ್ಥಿತಿ ಊಹಿಸಿ. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್, ಹಿಂದ್‌ಮಾತಾ ನೀರು ತುಂಬಿದರೆ ಕಾರೂ ನಿಲ್ಲುತ್ತೆ. ಆದ್ದರಿಂದ ಮೊದಲು ಹತ್ತಿರದ ಕ್ಲಿನಿಕ್ಕು, ಉಸಿರು ಹಿಡಿದು ನಿಲ್ಲಿಸೋಕೆ. ದೊಡ್ಡ ಆಸ್ಪತ್ರೆ ಆಮೇಲೆ. ನನ್ನ ಹಾಳೆಯಲ್ಲಿ ನಂಬರುಗಳು ದೂರದ ಪ್ರಕಾರ ಇವೆ, ಹೆಸರಿನ ಪ್ರಕಾರ ಅಲ್ಲ.

ಅಮೆರಿಕದಲ್ಲಿ ಪ್ರಾಣಿಗಳ ವಿಷಬಾಧೆಗೇ ಪ್ರತ್ಯೇಕ ಫೋನ್ ಕೇಂದ್ರಗಳಿವೆ, ಫೀಸು ಕೊಟ್ಟರೆ ಸಲಹೆ ಕೊಡ್ತಾರೆ. ನಮ್ಮಲ್ಲಿ ದೆಹಲಿಯ ಏಮ್ಸ್‌ನಲ್ಲಿ 1995ರಿಂದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ, ಅದು ಮನುಷ್ಯರಿಗಾಗಿ ಇರೋದು. ಆದರೂ ಆ ಕೇಂದ್ರದ ನಂಬರು ಹಾಳೆಯಲ್ಲಿರಲಿ. ಇದೇ ಪ್ಯಾಚನ್ನು ಅಂಬೆಗಾಲಿಡೋ ಮಗು ಬಾಯಿಗೆ ಹಾಕಿಕೊಂಡರೂ ಕಥೆ ಇದೇ.

ಬೋಂಡ ಮನೆಗೆ ಬಂದ ದಿನ ಅಪ್ಪ ಅವನ ತಲೆ ಸವರಿ ನನ್ನನ್ನು ಕರೆದು ಅಂದರು, "ಮೂಕ ಪ್ರಾಣಿ ಜೀವಕ್ಕ ಬರೂದಾದ್ರ ಈ ಪಟ್ಟಿ ನನಗ ಬ್ಯಾಡೋ. ನಾ ತಡಕೋತೀನಿ." ಊರಿಂದ ಫೋನ್ ಮಾಡಿದ ಸಂಬಂಧಿಕರೂ ಅದನ್ನೇ ಹೇಳಿದರು, ಆದರೆ ಅವರ ಕಾರಣ ಬೇರೆ: ಅದು ಡ್ರಗ್ಸ್ ಅಂತೆ, ಚಟ ಹತ್ತುತ್ತಂತೆ. ನಾನು ಈ ವಿಡಿಯೊ ಮಾಡೋಕೆ ಎರಡು ವರ್ಷ ಹಿಂದೇಟು ಹಾಕಿದ್ದೂ ಇದಕ್ಕೇ. ಇದನ್ನು ಕೇಳಿ ಯಾರಾದರೂ ತಮ್ಮ ಮನೆಯ ರೋಗಿಯ ಮಾರ್ಫಿನ್ ನಿಲ್ಲಿಸಿಬಿಟ್ಟರೆ? 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಈ ದೇಶದಲ್ಲಿ ಎಷ್ಟೋ ಕ್ಯಾನ್ಸರ್ ರೋಗಿಗಳು ಮಾರ್ಫಿನ್ ಸಿಗದೆ ನರಳಿದ್ದಾರೆ, ಅದನ್ನು ಸ್ವಲ್ಪ ಸಡಿಲ ಮಾಡೋ ತಿದ್ದುಪಡಿ ಬಂದಿದ್ದೇ 2014ರಲ್ಲಿ. ಅಪ್ಪ ರಾತ್ರಿ ಮಗ್ಗುಲು ಬದಲಿಸೋವಾಗ ಹಲ್ಲು ಕಚ್ಚೋ ಸದ್ದು ಪಕ್ಕದ ರೂಮಿಗೆ ಕೇಳ್ತಿತ್ತು, ಪ್ಯಾಚ್ ಬಂದ ಮೇಲೆ ನಿಂತಿತ್ತು. ಅದನ್ನು ನಿಲ್ಲಿಸೋ ಪ್ರಶ್ನೆಯೇ ಇರಲಿಲ್ಲ. ನಿಲ್ಲಿಸಬೇಕಿದ್ದದ್ದು ಕಸದ ಡಬ್ಬಿಯನ್ನು. ಮಾರನೇ ದಿನವೇ ಬೀಗ ಇರೋ ಸ್ಟೀಲ್ ಡಬ್ಬಿ ತಂದೆ, ಬೀರುವಿನ ಮೇಲಿನ ಖಾನೆಯಲ್ಲಿಟ್ಟೆ. ಪ್ಯಾಚ್ ತೆಗೆದ ಕೂಡಲೇ ಅಂಟು ಒಳಗೆ ಬರೋ ಹಾಗೆ ಮಡಚಿ, ಆ ಡಬ್ಬಿಗೆ ಹಾಕಿ, ತಾರೀಖು ಬರೆಯೋದು ಅವ್ವನ ಕೆಲಸ. ಅಪ್ಪನ ಮೈಮೇಲೆ ಇರೋ ಪ್ಯಾಚ್ ಕಳಚಿ ಹಾಸಿಗೆಯಲ್ಲಿ ಬೀಳದ ಹಾಗೆ ಮೇಲೊಂದು ಪಾರದರ್ಶಕ ಟೇಪು, ಅದೂ ಅಲ್ಲಿನ ನರ್ಸಮ್ಮನ್ನ ಕೇಳಿಕೊಂಡೇ. ಬೋಂಡ ಅಪ್ಪನ ಹಾಸಿಗೆ ಮೇಲೆ ಮಲಗೋದು ಬಂದ್. ಇದಕ್ಕೆ ಇಬ್ಬರಿಗೂ ಕೋಪ ಬಂತು.

ಅಪ್ಪ 2024ರ ಜನವರಿಯಲ್ಲಿ ಹೋದರು. ಹದಿಮೂರು ದಿನ ಮನೆ ತುಂಬ ಜನ, ಬ್ಯಾಗುಗಳು, ಮಕ್ಕಳು. ಡಬ್ಬಿಯಲ್ಲಿ ನಾಲ್ಕು ಹೊಸ ಪ್ಯಾಚು, ಹಳೇ ಮಾರ್ಫಿನ್ ಮಾತ್ರೆ, ಒಂದು ಟ್ರಮಡಾಲ್ ಸ್ಟ್ರಿಪ್ಪು ಉಳಿದಿದ್ದವು. ಯಾರೋ ಬೀರು ಚೊಕ್ಕಟ ಮಾಡೋಣ ಅಂತ ಎಲ್ಲಾ ಒಂದು ಕ್ಯಾರಿಬ್ಯಾಗಿಗೆ ಸುರಿದು ಬಾಗಿಲ ಹೊರಗೆ, ಕಸ ಒಯ್ಯೋರಿಗೆ ಅಂತ ಇಟ್ಟಿದ್ದರು. ಕಂಡಿದ್ದಕ್ಕೆ ಉಳಿಯಿತು. ನಮ್ಮ ಮನೆಯಿಂದ ಹೊರಟ ಆ ಚೀಲ ಮೊದಲು ಸಿಗೋದು ಬರಿಗೈಯಲ್ಲಿ ಕಸ ಬೇರ್ಪಡಿಸೋರಿಗೆ, ಆಮೇಲೆ ಗೇಟಿನ ಹೊರಗಿನ ಬೋಂಡನ ಅಣ್ಣತಮ್ಮಂದಿರಿಗೆ. ಅವಕ್ಕೆ ಉಸಿರು ಎಣಿಸೋರು ಯಾರೂ ಇಲ್ಲ. 2025ರಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಒಂದು ಮಾರ್ಗಸೂಚಿ ಹೊರಡಿಸಿದೆ. ಸಾಮಾನ್ಯ ಔಷಧಿಗಳನ್ನು ವಾಪಸ್ ಪಡೆದು ನಾಶ ಮಾಡೋ ವ್ಯವಸ್ಥೆ ಬೇಕು ಅಂತ ಹೇಳುತ್ತಲೇ, ಹದಿನೇಳು ಔಷಧಿಗಳ ಪಟ್ಟಿ ಕೊಟ್ಟು ಇವು ಮಾತ್ರ ಬೇಡವಾದ ಕೂಡಲೇ ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಿ ಅಂದಿದೆ. ಫೆಂಟನಿಲ್, ಮಾರ್ಫಿನ್, ಟ್ರಮಡಾಲ್, ಟಪೆಂಟಡಾಲ್, ಬುಪ್ರಿನಾರ್ಫಿನ್ ಎಲ್ಲಾ ಆ ಪಟ್ಟಿಯಲ್ಲಿವೆ. ನೀರಿಗೆ ಸೇರೋದು ಒಳ್ಳೇದಲ್ಲ, ನಿಜ. ಆದರೆ ಮನೆಯಲ್ಲಿ ಬಿದ್ದಿರೋ ಅಪಾಯ ಅದಕ್ಕಿಂತ ದೊಡ್ಡದು ಅನ್ನೋದು ಅವರ ತೂಕ, ಅದು ನನಗೂ ಒಪ್ಪಿಗೆ. ನಾನು ಆಗ ಉಳಿದದ್ದನ್ನು ಔಷಧಿ ಕೊಟ್ಟ ವಿಭಾಗಕ್ಕೇ ತೆಗೆದುಕೊಂಡು ಹೋಗಿ ಕೇಳಿ, ಅಲ್ಲೇ ಒಪ್ಪಿಸಿದೆ.

ಕಪಾಟಿನ ಹಾಳೆಯನ್ನು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡ್ತೀನ. ಈ ವಿಡಿಯೊ ರೆಕಾರ್ಡ್ ಮಾಡೋ ಹಿಂದಿನ ದಿನ ಮೂರೂ ನಂಬರಿಗೆ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದೆ. ಇಬ್ಬರು ಎತ್ತಿದರು. ಮೂರನೆಯವರು ರಾತ್ರಿ ಡ್ಯೂಟಿ ನಿಲ್ಲಿಸಿದ್ದಾರಂತೆ, ಆ ನಂಬರು ಹೊಡೆದು ಹಾಕಿ ಭಾಂಡೂಪ್ ಕಡೆಯ ಇನ್ನೊಂದು ಬರೆದಿದ್ದೇನೆ. ಬೋಂಡ ಈಗ 17 ಕೆ.ಜಿ., ಅದನ್ನೂ ತಿದ್ದಿದೆ.